ಗಲ್ಲಾ ಲೆಕ್ಕ ಬರ್ದಂಗೆ ನನ್ ಬಗ್ಗೆ ಬರೆಯೋಕೆ ಹೋಗಿ

ಚಿಕ್ಕಬಳ್ಳಾಪುರದಲ್ಲಿ ನಂದೊಂದು ಸಣ್ಣ ಜೆರಾಕ್ಸ್ ಅಂಗಡಿ. ಎರಡು ವರ್ಷದಿಂದ ಭಾನುವಾರ ಭಾನುವಾರ ಒಂದು ಪುಟ ಬರ್ದು ಹಳೇ ಕ್ಲಾಸ್‌ಮೇಟ್‌ಗಳಿಗೆ ಕಳಿಸ್ತೀನಿ, ಬೆಳಗ್ಗೆ ಬೇಗ ಏಳೋದು, ಕೋಪ ಕಮ್ಮಿ ಮಾಡ್ಕೊಳ್ಳೋದು, ಫೋನ್ ದೂರ ಇಡೋದು, ಇಂಥವೇ. ಮೊದಲ ಆರು ತಿಂಗಳು ಬರ್ದಿದ್ದು ಹೆಚ್ಚುಕಮ್ಮಿ ಸುಳ್ಳು. ಪೂರ್ತಿ ಸುಳ್ಳೂ ಅಲ್ಲ, ನಾಲ್ಕು ದಿನ ಐದು ಗಂಟೆಗೆ ಎದ್ದಿದ್ದೆ, "ನಾನು ಐದಕ್ಕೆ ಏಳ್ತೀನಿ" ಅಂತ ಬರ್ದೆ ಅಷ್ಟೇ.

ಸಿಕ್ಕಿಬಿದ್ದಿದ್ದು ಕೋಪದ ವಿಷಯದಲ್ಲಿ. ಒಂದು ಶನಿವಾರ ರಾತ್ರಿ "ಸಿಟ್ಟು ಬಂದಾಗ ಹತ್ತು ಎಣಿಸಿ" ಅಂತ ಬರೀತಾ ಕೂತಿದ್ದೆ, ಮಗ ಬಂದು ಭಾಗಾಕಾರ ಕೇಳ್ದ, ಒಂದ್ಸಲ ಹೇಳ್ದೆ, ಎರಡ್ಸಲ ಹೇಳ್ದೆ, ಮೂರನೇ ಸಲ ಅವನ ನೋಟ್‌ಬುಕ್ ಎತ್ತಿ ಬಿಸಾಕ್ದೆ, ಅದು ಹೋಗಿ ಅಡುಗೆಮನೆ ಬಾಗಿಲ ಹತ್ರ ಬಿತ್ತು. ಆಮೇಲೆ ವಾಪಸ್ ಕೂತು ಲೇಖನ ಮುಗಿಸ್ದೆ! ನಮ್ಮನೆಯವಳು ಓದಿ, "ಇದ್ಯಾರ ಮನೆ ಕಥೆ ರೀ? ನಮ್ಮನೇಲಿ ಇಂಥೋರು ಯಾರೂ ಇಲ್ವಲ್ಲ" ಅಂದ್ಲು. ಅವಳ ಕೈಯಲ್ಲಿ ಆ ನೋಟ್‌ಬುಕ್ಕೇ ಇತ್ತು, ಕಿತ್ತೋಗಿದ್ದ ರಟ್ಟಿಗೆ ಟೇಪ್ ಅಂಟಿಸ್ತಿದ್ಲು, ಟೇಪೂ ನನ್ನಂಗಡೀದೇ.

ಅವತ್ತು ಕಳಿಸ್ಲಿಲ್ಲ. ಸೋಮವಾರ ಅಂಗಡಿ ಮುಚ್ಚೋ ಹೊತ್ತಲ್ಲಿ ಗಲ್ಲಾ ಎಣಿಸಿದ್ರೆ 40 ರೂಪಾಯಿ ಕಮ್ಮಿ, ಪುಸ್ತಕದಲ್ಲಿ "40 ಕಮ್ಮಿ" ಅಂತ ಬರ್ದು ಶಟರ್ ಎಳ್ದೆ. ದಾರೀಲಿ ಹೊಳೀತು, ದುಡ್ಡಿನ ಲೆಕ್ಕದಲ್ಲಿ ಕಮ್ಮಿ ಅಂತ ಬರೆಯೋಕೆ ನಾಚಿಕೆ ಇಲ್ಲ, ನನ್ ಲೆಕ್ಕದಲ್ಲಿ ಮಾತ್ರ ಯಾಕೆ ಜೇಬಿಂದ ಹಾಕಿ ಸರಿತೂಗಿಸ್ತೀನಿ?

ಆಗಿಂದ ಅಂಗಡಿ ಕ್ಯಾಲೆಂಡರಲ್ಲಿ ಟಿಕ್ ಹಾಕ್ತೀನಿ, ಬರೆಯೋ ಮುಂಚೆ ಎಣಿಸ್ತೀನಿ. ಮೊದಲನೇ ತಿಂಗಳು 30 ದಿನದಲ್ಲಿ ವಾಕ್ ಹೋಗಿದ್ದು 11. ಅಷ್ಟೇ ಬರ್ದೆ. ಮೂರು ಜನ ಫೋನ್ ಮಾಡಿ "ಏನೋ, ಹುಷಾರಿದೀಯಾ?" ಅಂತ ಕೇಳಿದ್ರು, ಒಬ್ಬ ಮೆಲ್ಲಗೆ "ನಂದು ಎರಡೇ ದಿನ ಮಗಾ" ಅಂದ. ಐದಕ್ಕೆ ಏಳ್ತೀನಿ ಅಂತ ಬರೀವಾಗ ಇವನು ಬರೀ ಹೆಬ್ಬೆಟ್ಟಿನ ಇಮೋಜಿ ಒತ್ತಿ ಸುಮ್ಮನಾಗ್ತಿದ್ದ.

ನಮ್ಮ ನಂದಿ ಬೆಟ್ಟಕ್ಕೆ 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ರೆಸ್ಟಿಗೆ ಬಂದಿದ್ರಲ್ಲ, ಆ ಕಾಲಕ್ಕೆ ಅವರ ಆತ್ಮಕಥೆ ಅವರದ್ದೇ ನವಜೀವನ ಪತ್ರಿಕೇಲಿ ಕಂತು ಕಂತಾಗಿ ಬರ್ತಿತ್ತು, 1925ರಿಂದ 1929ರ ತನಕ. ಅದರಲ್ಲಿ ಹುಡುಗನಾಗಿದ್ದಾಗ ಅಣ್ಣನ ಕಡಗದ ಚಿನ್ನ ಒಂಚೂರು ಕದ್ದಿದ್ದನ್ನ ಚೀಟೀಲಿ ಬರ್ದು ಅಪ್ಪನ ಕೈಗೆ ಕೊಟ್ಟಿದ್ದು ಬರುತ್ತೆ. ಕದ್ದಿದ್ದು ಅಣ್ಣನ ಸಾಲ ತೀರಿಸೋಕೆ, ಆ ಸಾಲ ಸುಮಾರು 25 ರೂಪಾಯಿ ಅಂತ ಮೊತ್ತಾನೂ ಇದೆ. ಅಂಗಡಿಯವನಾದ ನಂಗೆ ಕಣ್ಣಿಗೆ ಬಿದ್ದಿದ್ದು ಅದೇ. "ನಾನು ಮಹಾ ಪಾಪಿ" ಅಂತ ಬರೆಯೋದು ಸುಲಭ, 25 ಅಂತ ಬರೆಯೋದು ಕಷ್ಟ.

ಇದರಲ್ಲೂ ಒಂದ್ಸಲ ಜಾರ್‌ದೆ. ಸೋತಿದ್ದು ಬರ್ದಷ್ಟೂ "ಎಷ್ಟು ಪ್ರಾಮಾಣಿಕ ಕಣೋ ನೀನು" ಅಂತ ಮೆಸೇಜ್ ಬರ್ತಿತ್ತು, ಆ ಹೊಗಳಿಕೆ ರುಚಿ ಹತ್ತಿ ಒಂದು ತಿಂಗಳು ಬರೀ ಸೋಲೇ ಬರ್ದೆ, ಚೆನ್ನಾಗಿ ನಡೆದ ದಿನ ಬರೆಯೋಕೆ ಮನಸ್ಸೇ ಬರ್ಲಿಲ್ಲ. ಅದೂ ಜೇಬಿಂದ ಹಾಕೋದೇ, ಉಲ್ಟಾ. ಇನ್ನೊಂದು ತಪ್ಪು ಅಂದ್ರೆ ನನ್ ಬಗ್ಗೆ ಬರೆಯೋ ನೆಪದಲ್ಲಿ ಮನೆಯವಳ ಜಗಳದ ಮಾತೂ ಹಾಕ್ಬಿಟ್ಟಿದ್ದೆ, ಅವಳು ಎರಡು ದಿನ ಮಾತಾಡ್ಲಿಲ್ಲ. ಈಗ ಅವಳಿಗೆ ಓದಿಸ್ದೆ ಕಳಿಸೋದಿಲ್ಲ.

ಕೋಪ ಹೋಗಿಲ್ಲ. ಹೋದ ವಾರ "ಮಗನಿಗೆ ಎರಡು ಸಲ ಬೈದೆ" ಅಂತ ಬರ್ದಿದ್ದೆ, ಅವನು ಹಿಂದಿನಿಂದ ಬಗ್ಗಿ ಓದಿ "ಗುರುವಾರದ್ದು ಬಿಟ್ಟೆ ಅಪ್ಪಾ" ಅಂದ. ಗುರುವಾರದ್ದು ಬೈಗುಳ ಅಲ್ಲ, ಬುದ್ಧಿ ಹೇಳಿದ್ದು ಅಂತ ಸ್ವಲ್ಪ ಹೊತ್ತು ವಾದ ಮಾಡ್ದೆ. ಆಮೇಲೆ ಮೂರು ಅಂತ ತಿದ್ದಿದೆ.