ಬಾಯಿಗಿಂತ ಮೊದಲು ಕೈ: ನಲಿಕಲಿ ಕೋಣೆಯಲ್ಲಿ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಪ್ರಾಥಮಿಕ ಶಾಲಾ ಶಿಕ್ಷಕರಾಗುವವರು ಓದುವ ಡಿ.ಎಲ್.ಇಡಿ. ಕೋರ್ಸಿನ ಎರಡನೇ ವರ್ಷದ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಆಂಧ್ರದ ಗಡಿ ಹತ್ತಿರ. ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ನನ್ನ ಪಾಲಿಗೆ ಬಂದ ವಿಷಯ ಇಂಗ್ಲಿಷ್. ಒಂದನೇ ತರಗತಿಯ ಮಗು ಇನ್ನೂ ಕನ್ನಡಕ್ಕೇ ತಡವರಿಸುತ್ತಿರುತ್ತದೆ. ಅಷ್ಟರಲ್ಲಿ ನಾನು ಹೋಗಿ ಮೂರನೇ ಭಾಷೆ ಶುರು ಮಾಡಬೇಕು. ಇದೇನು ಹೊಸದಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದಲೂ ಒಂದನೇ ತರಗತಿಗೇ ಇಂಗ್ಲಿಷ್ ಇದೆ. ಆದರೆ ಅದನ್ನು ಕಾಗದದಲ್ಲಿ ಓದುವುದು ಬೇರೆ, ಆರು ವರ್ಷದ ಮಗುವಿನ ಎದುರು ನಿಂತು ಬಾಯಿ ತೆರೆಯುವುದು ಬೇರೆ.

ಮೊದಲು ಕೆಲವು ದಿನ ಹಿಂದೆ ಕೂತು ನೋಡುವ ಕೆಲಸ. ನಲಿಕಲಿ ಕೋಣೆ ನೋಡದವರಿಗೆ ಒಂದು ಮಾತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಗೋಡೆ ಮೇಲೆ ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಪಟ, ಅಂದರೆ ಕಲಿಕಾ ಏಣಿ, ತಲೆ ಮೇಲೆ ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರ, ಕೈಗೆಟುಕುವಷ್ಟು ಕೆಳಗೆ ಮಕ್ಕಳ ಕಪ್ಪು ಹಲಗೆ. ಮಕ್ಕಳು ಗುಂಪುಗುಂಪಾಗಿ ಕೂತು ತಮ್ಮ ತಮ್ಮ ಕಾರ್ಡಿನ ಕೆಲಸ ಮಾಡಿಕೊಳ್ಳುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಕನ್ನಡ, ಗಣಿತದ ಹೊತ್ತಿನಲ್ಲಿ ಆ ಕೋಣೆ ಚೆನ್ನಾಗಿಯೇ ಓಡುತ್ತಿತ್ತು. ಒಂದು ಗುಂಪು ಮೇಡಂ ಹತ್ತಿರ, ಉಳಿದವರು ತಮ್ಮ ಪಾಡಿಗೆ ತಾವು.

ಇಂಗ್ಲಿಷ್ ಹೊತ್ತು ಬಂದ ತಕ್ಷಣ ಮಾತ್ರ ಎಲ್ಲರೂ ಒಟ್ಟಿಗೆ ತಿರುಗಿ ಕೂರುತ್ತಿದ್ದರು. ಹೇಳಿಕೊಡುವುದು, ಎಲ್ಲರೂ ಕೂಗುವುದು. "ದಿಸ್ ಈಸ್ ಎ ಬಾಲ್." ಕೋಣೆ ನಡುಗುವ ಹಾಗೆ ಕೂಗುತ್ತಿದ್ದರು. ಹೊರಗೆ ಹೋಗುವವರು ಕೇಳಿದರೆ, ಅಬ್ಬಾ, ಎಷ್ಟು ಚೆನ್ನಾಗಿ ಇಂಗ್ಲಿಷ್ ಬರುತ್ತೆ ಅನ್ನಬೇಕು. ನಾನು ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಮೆಲ್ಲಗೆ "ಬಾಲ್ ಎಲ್ಲಿದೆ, ತೋರಿಸು" ಅಂದೆ. ಅವಳು ನನ್ನ ಬೆರಳಿನ ಕಡೆ ನೋಡಿದಳು. ನಾನು ಎತ್ತ ತೋರಿಸುತ್ತೇನೋ ಅತ್ತ ತೋರಿಸಲು ಸಿದ್ಧವಾಗಿದ್ದಳು. ಮೇಡಂಗೂ ಇದು ಗೊತ್ತಿತ್ತು. "ಕೂಗಿಸಿದರೆ ಗಲಾಟೆ ಇರಲ್ಲ, ನೋಡಿ. ಮೂರು ತರಗತಿ ಒಟ್ಟಿಗೆ ಹಿಡಿಯೋದು ಸುಮ್ನೆ ಅಲ್ಲ" ಅಂದರು. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ನಾನು ಮಾಡಿದ ತೀರ್ಮಾನ ಇಷ್ಟೇ: ಶುರುವಿನಲ್ಲಿ ಮಕ್ಕಳಿಗೆ ಇಂಗ್ಲಿಷಲ್ಲಿ ಮಾತಾಡು ಅನ್ನುವುದಿಲ್ಲ. ನಾನು ಹೇಳುತ್ತೇನೆ, ಅವರು ಮಾಡಲಿ. ಕಾಲೇಜಿನಲ್ಲಿ ನಮಗೆ ಟಿಪಿಆರ್ ಅಂತ ಹೇಳಿಕೊಟ್ಟಿದ್ದರು. ಟೋಟಲ್ ಫಿಸಿಕಲ್ ರೆಸ್ಪಾನ್ಸ್. ಜೇಮ್ಸ್ ಆಶರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ರೂಪಿಸಿದ ವಿಧಾನ. ತಾಯಿಭಾಷೆ ಕಲಿಯುವಾಗಲೂ ಮಗು ಮೊದಲು ಕೇಳುತ್ತದೆ, "ಬಾ", "ಕೊಡು", "ಕೂತ್ಕೋ" ಅಂದರೆ ಹಾಗೆ ಮಾಡುತ್ತದೆ, ಮಾತು ಆಮೇಲೆ ಬರುತ್ತದೆ. ಅದನ್ನೇ ತರಗತಿಗೆ ತರುವುದು. ಪರೀಕ್ಷೆಗೆ ಎರಡು ಪುಟ ಬರೆದಿದ್ದೆ. ಈಗ ಕೈಯಲ್ಲಿ ಮಾಡಿ ನೋಡುವ ಅವಕಾಶ.

ಸ್ಟ್ಯಾಂಡ್ ಅಪ್, ಸಿಟ್ ಡೌನ್, ಟರ್ನ್ ಅರೌಂಡ್, ಟಚ್ ದ ವಾಲ್. ಇವು ಬೇಗ ಬಂದವು, ಮಕ್ಕಳಿಗೆ ಕುಣಿಯುವುದಕ್ಕೆ ನೆಪ ಸಿಕ್ಕಿತು. ಆಮೇಲೆ ಕೂತು ಮಾಡುವ ಕೆಲಸ ಬೇಕಾಯಿತು. ನಾನು ಚಿತ್ರದ ಕಾರ್ಡು ಬರೆಯುವುದು ಬಿಟ್ಟು ಹುಣಸೆ ಬೀಜ ತಂದೆ. ಆ ಕಡೆ ಹುಣಸೆ ಮರಕ್ಕೆ ಬರವಿಲ್ಲ, ಹಣ್ಣು ಬಿಡಿಸುವ ಕಾಲದಲ್ಲಿ ಮನೆಮನೆಯಲ್ಲೂ ಬೀಜದ ರಾಶಿ. ಪ್ರತಿ ಮಗುವಿಗೆ ಐದು ಬೀಜ, ಎದುರಿಗೆ ಸ್ಲೇಟು. "ಪುಟ್ ಟೂ ಸೀಡ್ಸ್ ಆನ್ ದ ಸ್ಲೇಟ್." "ಪುಟ್ ಒನ್ ಸೀಡ್ ಅಂಡರ್ ದ ಸ್ಲೇಟ್." ಮೊದಲು ನಾನೇ ಹೇಳುತ್ತಾ ಮಾಡಿ ತೋರಿಸಿದೆ. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಬರೀ ಹೇಳಿದೆ.

ಎಲ್ಲರೂ ಸರಿ ಮಾಡಿದರು. ಅದೇ ನನಗೆ ಅನುಮಾನ ತಂದದ್ದು. ಸ್ವಲ್ಪ ಗಮನಿಸಿದೆ. ಮೂರನೇ ತರಗತಿಯ ಇಬ್ಬರು ಹುಡುಗಿಯರ ಕೈ ಮೊದಲು ಅಲುಗುತ್ತದೆ. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಅದರಾಚೆಯವರು. ಕಣ್ಣಿನಿಂದ ಕಣ್ಣಿಗೆ ಉತ್ತರ ಹೋಗಿಬಿಡುತ್ತಿತ್ತು. ಕೂಗಾಟದಲ್ಲಿ ಆಗುತ್ತಿದ್ದದ್ದೂ ಇದೇ ಅಲ್ವಾ? ಅಲ್ಲಿ ಕಿವಿಯಿಂದ, ಇಲ್ಲಿ ಕಣ್ಣಿನಿಂದ.

ಹಾಗಾಗಿ ಮುಂದಿನ ಸಲ "ಕ್ಲೋಸ್ ಯುವರ್ ಐಸ್" ಸೇರಿಸಿದೆ. ಕಣ್ಣು ಮುಚ್ಚಿಕೊಂಡೇ ಬೀಜ ಇಡಬೇಕು. ತೆರೆದ ಮೇಲೆ ಎಲ್ಲರೂ ತಮ್ಮ ತಮ್ಮ ಸ್ಲೇಟು ಎತ್ತಿ ನೋಡಬೇಕು. ಆಗ ನಿಜ ಸ್ಥಿತಿ ಗೊತ್ತಾಯಿತು. ಎಣಿಕೆ ಬಹುತೇಕ ಎಲ್ಲರಿಗೂ ಸರಿಯಿತ್ತು. ಆನ್, ಅಂಡರ್ ಮಾತ್ರ ಅರ್ಧಕ್ಕರ್ಧ ಮಕ್ಕಳಿಗೆ ಹತ್ತಿರವೇ ಬಂದಿರಲಿಲ್ಲ. ಸ್ಲೇಟು ಅಂತ ಕೇಳಿದ ಕೂಡಲೇ ಬೀಜ ಸ್ಲೇಟಿನ ಮೇಲೆ. ಯೋಚನೆ ಮಾಡಿದರೆ ಕಾರಣ ಸಿಕ್ಕಿತು. ಕನ್ನಡದಲ್ಲೂ ತೆಲುಗಿನಲ್ಲೂ ಮೇಲೆ, ಕೆಳಗೆ ಅನ್ನುವುದು ವಸ್ತುವಿನ ಹೆಸರಾದ ಮೇಲೆ ಬರುತ್ತದೆ. ಸ್ಲೇಟಿನ ಕೆಳಗೆ. ಇಂಗ್ಲಿಷಲ್ಲಿ ಅದು ಮೊದಲೇ ಬಂದು, ಅದೂ ಮೆತ್ತಗೆ ಬಂದು, ಹೋಗಿಬಿಡುತ್ತದೆ. ಮಗುವಿನ ಕಿವಿ ಕೊನೆಯ ಮಾತಿಗೆ ಕಾಯುತ್ತಾ ಕೂತಿರುತ್ತದೆ. ಅಲ್ಲಿಂದ ಮುಂದೆ "ಅಂಡರ್" ಅನ್ನುವಾಗ ಸ್ವಲ್ಪ ಒತ್ತಿ, ಒಂದು ಕ್ಷಣ ನಿಲ್ಲಿಸಿ ಹೇಳತೊಡಗಿದೆ. ಮಕ್ಕಳ ಕೈ ಅಲ್ಲೇ ಸ್ಲೇಟಿನ ಅಂಚು ಹಿಡಿಯುವುದು ಕಾಣುತ್ತಿತ್ತು. ಒಬ್ಬ ಹುಡುಗ ಬೆರಳ ಸಂದಿಯಲ್ಲಿ ಇಣುಕುತ್ತಲೇ ಇದ್ದ, ಅದು ಬೇರೆ ಮಾತು. ಅವನಿಗೆ ಇಣುಕಿದರೂ ತಪ್ಪೇ ಆಗುತ್ತಿತ್ತು, ಏಕೆಂದರೆ ಪಕ್ಕದವನದೂ ತಪ್ಪು.

ಬೀಜ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಒಂದನೇ ತರಗತಿಯವರು ಮೂಗಿಗೋ ಕಿವಿಗೋ ಹಾಕಿಕೊಳ್ಳುತ್ತಾರೆ. ಕೊನೆಗೆ "ಗಿವ್ ಮಿ ಫೈವ್ ಸೀಡ್ಸ್" ಅಂತ ಪ್ರತಿಯೊಬ್ಬರಿಂದ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದೆ. ಲೆಕ್ಕವೂ ಆಯಿತು, ಇನ್ನೊಂದು ಸಲ ಇಂಗ್ಲಿಷೂ ಕೇಳಿದ ಹಾಗಾಯಿತು.

ಕನ್ನಡ ಮಾತಾಡಬಾರದು, ಇಂಗ್ಲಿಷ್ ಪಾಠದಲ್ಲಿ ಪೂರ್ತಿ ಇಂಗ್ಲಿಷೇ ಇರಬೇಕು ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಟದ ನಿಯಮವನ್ನು ಒಂದು ಸಲ ಕನ್ನಡದಲ್ಲಿ ಹೇಳಿಬಿಟ್ಟರೆ ಹತ್ತು ನಿಮಿಷದ ಗೊಂದಲ ತಪ್ಪುತ್ತದೆ. ಕನ್ನಡವೂ ಹತ್ತದ ಚಿಕ್ಕವರಿಗೆ ಮೂರನೇ ತರಗತಿಯವರು ತೆಲುಗಿನಲ್ಲಿ ಹೇಳುತ್ತಿದ್ದರು. ನನ್ನ ತೆಲುಗು ಸಂತೆಯಲ್ಲಿ ತರಕಾರಿ ಕೇಳುವಷ್ಟು. ನಾನು ಮಾತಾಡಿದರೆ ಮಕ್ಕಳಿಗೆ ನಗು. ನಗಲಿ ಬಿಡಿ, ಹೊಸ ಭಾಷೆಯಲ್ಲಿ ತಡವರಿಸಿದರೆ ಆಕಾಶ ಬೀಳಲ್ಲ ಅಂತ ಅವರಿಗೂ ಗೊತ್ತಾಗಲಿ ಅಂತ ಮಾತಾಡುತ್ತಲೇ ಇದ್ದೆ.

ಪದಗಳಿಗೆ ನಾನು ಪುಸ್ತಕದಾಚೆಗೂ ಹೋದೆ. ಆಪಲ್, ಇಗ್ಲೂ, ಕ್ಸೈಲೋಫೋನ್ ಇವುಗಳನ್ನು ಆ ಮಕ್ಕಳು ಎಲ್ಲಿ ನೋಡಬೇಕು? ಆದರೆ ಮೋಟರು, ಪೈಪು, ಡ್ರಿಪ್ಪು, ಲೋಡು, ಟೊಮ್ಯಾಟೊ, ಚಾರ್ಜರ್ ಎಲ್ಲಾ ಅವರ ಬಾಯಲ್ಲೇ ಇವೆ. ಅವರಪ್ಪ ಬೋರ್‌ವೆಲ್ ಮೋಟರು ಆನ್ ಮಾಡುತ್ತಾರೆ, ಆಫ್ ಮಾಡುತ್ತಾರೆ. "ಮೋಟರ್ ಆನ್" ಅಂದರೆ ಎಲ್ಲರೂ ಓಡಬೇಕು, "ಮೋಟರ್ ಆಫ್" ಅಂದರೆ ನಿಲ್ಲಬೇಕು. "ಕರೆಂಟ್ ಗಾನ್" ಅಂದರೆ ಕೂರಬೇಕು. ಈ ಕೊನೆಯದನ್ನು ಸೇರಿಸಿದ್ದು ಮಕ್ಕಳೇ. ವ್ಯಾಕರಣ ನೋಡುವವರು ಬೇಸರ ಮಾಡಿಕೊಳ್ಳಬಾರದು.

ಉಚ್ಚಾರದ ವಿಷಯಕ್ಕೆ ನಾನು ಜಾಸ್ತಿ ಕೈ ಹಾಕಲಿಲ್ಲ. ಎಗ್ ಯೆಗ್ಗಾಗುತ್ತದೆ, ಸ್ಕೂಲ್ ಇಸ್ಕೂಲಾಗುತ್ತದೆ, ಝೂ ಜೂ ಆಗುತ್ತದೆ. ಮಗು ಹೇಳಿದ್ದು ಅರ್ಥವಾದರೆ ನಾನು ಸರಿಯಾದ ರೂಪದಲ್ಲಿ ಅದನ್ನೇ ತಿರುಗಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಅಲ್ಲೇ ನಿಲ್ಲಿಸಿ ತಿದ್ದಿದರೆ ಆ ಮಗು ನಾಳೆ ಬಾಯಿ ತೆರೆಯುವುದಿಲ್ಲ.

ಬಾಯಿ ತೆರೆದದ್ದು ತರಗತಿಯಲ್ಲಿ ಅಲ್ಲ, ಬಿಸಿಯೂಟದ ಸಾಲಿನಲ್ಲಿ. ಮೊಟ್ಟೆ ಕೊಡುವ ದಿನ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ನಾನು ಅಡುಗೆ ಅಕ್ಕನ ಪಕ್ಕ ನಿಂತು ಒಬ್ಬೊಬ್ಬರನ್ನೇ "ಎಗ್ ಆರ್ ಬನಾನಾ?" ಅಂತ ಕೇಳತೊಡಗಿದೆ. ಇಲ್ಲಿ ಉತ್ತರ ನನಗೆ ಮೊದಲೇ ಗೊತ್ತಿರುವುದಿಲ್ಲ. ಪಕ್ಕದವನದ್ದನ್ನು ಕಾಪಿ ಹೊಡೆದರೆ ಬೇಡದ್ದು ತಟ್ಟೆಗೆ ಬೀಳುತ್ತದೆ. ಮಗುವಿಗೆ ನಿಜವಾಗಿ ಹೇಳಬೇಕಾದದ್ದು ಒಂದಿದೆ. ಮೊದಲ ದಿನ ಕೆಲವರು ಬೆರಳು ತೋರಿಸಿದರು, ನಾನು ಕೊಡಿಸಿದೆ. ಅದನ್ನೇ ಹಟ ಮಾಡಿಕೊಂಡು ಊಟ ನಿಲ್ಲಿಸಬಾರದು. ಆಮೇಲಿನ ಒಂದು ದಿನ, ತರಗತಿಯಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಒಂದನೇ ತರಗತಿಯ ಹುಡುಗ ತಟ್ಟೆ ಮುಂದೆ ಚಾಚಿ, "ಯೆಗ್ಗು. ಟೂ" ಅಂದ. ಅಡುಗೆ ಅಕ್ಕನಿಗೆ ನಗು ತಡೆಯಲಿಲ್ಲ. "ಟೂ ಇಲ್ಲಪ್ಪ, ಲೆಕ್ಕ ಕೊಡಬೇಕು, ಒನ್ನೇ" ಅಂದರು. ಮೂವರೂ ಮಾತಾಡಿದ್ದು ಇಂಗ್ಲಿಷೇ ಅನ್ನಬಹುದು.

ಕಾಲೇಜಿನಿಂದ ಸರ್ ಪಾಠ ನೋಡಲು ಬಂದ ದಿನ ಸ್ವಲ್ಪ ಬಿಸಿ ತಟ್ಟಿತು. ಪಾಠಯೋಜನೆಯನ್ನು ಪಾಠವನ್ನು ಐದು ಹಂತಗಳಲ್ಲಿ ನಡೆಸುವ 5ಇ ಮಾದರಿಯಲ್ಲೇ ಬರೆದಿದ್ದೆ, ಅದರಲ್ಲಿ ಏನೂ ತಕರಾರಿಲ್ಲ. ಪಾಠ ಅರ್ಧ ಆದ ಮೇಲೆ ಅವರು ಕರೆದು, "ಏನಮ್ಮಾ, ಮಕ್ಕಳು ಬಾಯೇ ಬಿಡ್ತಿಲ್ಲವಲ್ಲ, ಎಲ್ಲಾ ನೀನೇ ಮಾತಾಡ್ತಿದ್ದೀಯ" ಅಂದರು. "ಸರ್, ಅವರ ಕೈ ನೋಡಿ. ಬೇಕಾದರೆ ನೀವೇ ಹೇಳಿ ಸರ್" ಅಂದೆ. ಅವರು ಮಕ್ಕಳಿಗೆ ಕಣ್ಣು ಮುಚ್ಚಿಸಿ "ಪುಟ್ ತ್ರೀ ಸೀಡ್ಸ್ ಅಂಡರ್ ದ ಸ್ಲೇಟ್" ಅಂದರು. ದಪ್ಪ ದನಿ, ಬೇರೆ ಧಾಟಿ, ನನ್ನ ಹಾಗೆ ಒತ್ತಿ ನಿಲ್ಲಿಸುವುದೂ ಇಲ್ಲ. ಮಕ್ಕಳು ಒಂದು ಗಳಿಗೆ ಅನುಮಾನಿಸಿದರು. ಮೂರ್ನಾಲ್ಕು ಮಂದಿ ಬಿಟ್ಟು ಉಳಿದವರು ಸರಿ ಇಟ್ಟರು. ನನಗೂ ಅಂದೇ ಹೊಳೆದದ್ದು: ನನ್ನೊಬ್ಬಳ ದನಿಗೆ ಪಳಗಿದರೆ ಸಾಲದು. ಮಾರನೇ ದಿನದಿಂದ ಹೆಡ್ ಮಾಸ್ಟರ್, ಮೇಡಂ, ನನ್ನ ಜೊತೆ ಬಂದಿದ್ದ ಇನ್ನೊಬ್ಬ ಪ್ರಶಿಕ್ಷಣಾರ್ಥಿ, ಎಲ್ಲರಿಂದಲೂ ಹೇಳಿಸಿದೆ. ಸರ್ ಮಾತ್ರ ವೀಕ್ಷಣಾ ಪುಸ್ತಕದಲ್ಲಿ "ಮೌಖಿಕ ಅಭ್ಯಾಸ ಹೆಚ್ಚಿಸಬೇಕು" ಅಂತ ಬರೆದೇ ಹೋದರು.

ಮೂರನೇ ತರಗತಿಯವರ ಕಥೆ ಬೇರೆ. ಅವರಿಗೆ "ಏಳು, ಕೂರು" ಆಟ ಬೇಗ ಬೇಸರ ಬಂತು. ಅವರಿಗೆ ಅಕ್ಷರ ಗೊತ್ತು, ಪದ ಕೂಡಿಸಿ ಓದಬಲ್ಲರು. ಅದಕ್ಕೆ ಅಪ್ಪಣೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದೆ. ಒಬ್ಬರು ಎತ್ತಿ ಓದಬೇಕು, ಚಿಕ್ಕವರು ಮಾಡಬೇಕು. ಓದಿದ್ದು ತಪ್ಪಾದರೆ ಚಿಕ್ಕವರು ಸುಮ್ಮನೆ ನಿಂತುಬಿಡುತ್ತಾರೆ. ಆಗ ಓದಿದವರೇ ಮತ್ತೆ ಚೀಟಿ ನೋಡಿಕೊಳ್ಳುತ್ತಾರೆ, ನಾನು ತಿದ್ದಬೇಕಾಗಿಯೇ ಇಲ್ಲ. ಕೆಲವು ದಿನದಲ್ಲಿ ತಾವೇ ಚೀಟಿ ಬರೆದು ತರತೊಡಗಿದರು. "ಟಚ್ ಮಿಸ್ ಬ್ಯಾಗ್." "ಪುಟ್ ಸ್ಟೋನ್ ಇನ್ ಮಿಸ್ ಚಪ್ಪಲ್." ಎರಡನೆಯದನ್ನು ಮಾಡಿಯೂ ಬಿಟ್ಟರು.

ಓದು, ಬರಹದಲ್ಲಿ ಚಿಕ್ಕವರು ಎಷ್ಟು ಮುಂದೆ ಹೋದರು ಅಂದರೆ, ಅಷ್ಟೇನಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ನಾನು ಅವಸರ ಮಾಡಲೂ ಇಲ್ಲ, ಅವರು ಆಗಷ್ಟೇ ಕನ್ನಡದ ಅಕ್ಷರ ತಿದ್ದುತ್ತಿದ್ದರು. ಕೊನೆಯ ವಾರ ಮೇಡಂ ಕೇಳಿದರು ಅಂತ ನಾನು ಬಳಸಿದ ಅಪ್ಪಣೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದೆ. ಅವರು ಅದರ ಕೆಳಗೆ ತಮ್ಮವು ಮೂರು ಸೇರಿಸಿದರು: ವಾಶ್ ಯುವರ್ ಪ್ಲೇಟ್, ಕೀಪ್ ದ ಕಾರ್ಡ್ ಇನ್ ದ ಬಾಕ್ಸ್, ಡೋಂಟ್ ಫೈಟ್. ಇಡೀ ದಿನ ಹೇಗಿದ್ದರೂ ಹೇಳುವ ಮಾತು ಇವೇ, ಇನ್ನು ಮೇಲೆ ಇಂಗ್ಲಿಷಲ್ಲೇ ಹೇಳ್ತೀನಿ ಬಿಡಿ ಅಂದರು.