ಹಿಪ್ ಆಪರೇಷನ್‌ಗೆ ಮುಂಚೆ ಕಾಡಿದ ಭಯ: ನನ್ನ ಅನುಭವ

ನೋವು ತಡೆದುಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಎಡಗಡೆ ಸೊಂಟದ ಕೀಲು ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು. ಸೀರೆ ನೆರಿಗೆ ಹಿಡಿಯಲು ನಿಂತರೂ ಸಾಕು, ತೊಡೆಸಂದಿನಿಂದ ಮೊಣಕಾಲಿನವರೆಗೆ ಸೆಳೆತ. ಆದರೆ ಆ ಕೀಲು ತೆಗೆದು ಕೃತಕ ಕೀಲು ಹಾಕುವ ಆಪರೇಷನ್‌ಗೆ ತಾರೀಖು ಗೊತ್ತಾದ ಮೇಲೆ ಶುರುವಾದ ಹೆದರಿಕೆ ಬೇರೆಯೇ. ನಡುರಾತ್ರಿ ಎಚ್ಚರ, ಎದೆ ಡವಡವ, ಅಂಗೈಯೆಲ್ಲ ಬೆವರು. ಬೇಡವೇ ಬೇಡ ಅಂದುಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತು. ಇದೇ ಆಪರೇಷನ್‌ಗೆ ಕಾಯುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

"ಧೈರ್ಯವಾಗಿರಿ, ಏನೂ ಆಗಲ್ಲ" ಅಂತ ಎಲ್ಲರೂ ಹೇಳಿದರು. ಪ್ರೀತಿಯಿಂದಲೇ ಹೇಳಿದರು, ಆದರೆ ಭಯ ಹಾಗೇ ಇತ್ತು. ಒಂದು ಸಂಜೆ ಸೊಸೆ ಹಾಲಿನ ಲೆಕ್ಕದ ಪುಸ್ತಕ ತಂದು ಕೈಗೆ ಕೊಟ್ಟಳು. "ಅತ್ತೆ, ಭಯ ಭಯ ಅಂತೀರಲ್ಲ, ಯಾವ್ಯಾವುದಕ್ಕೆ ಅಂತ ಬರೀರಿ ನೋಡೋಣ" ಅಂದಳು. ಸಾವಿನ ಭಯವೇ ಮೊದಲ ಸಾಲು ಅಂದುಕೊಂಡಿದ್ದೆ. ಪೆನ್ನು ಹಿಡಿದಾಗ ಮೊದಲು ಬಂದಿದ್ದು ಬೆಡ್‌ಪ್ಯಾನ್, ಮಲಗಿದಲ್ಲೇ ಶೌಚಕ್ಕೆ ಇಡುವ ಪಾತ್ರೆ. ಆಮೇಲೆ ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡುವ ಇಂಜೆಕ್ಷನ್. ಮಧ್ಯದಲ್ಲಿ ಎಚ್ಚರವಾದರೆ? ಒಂದು ಕಾಲು ಗಿಡ್ಡ ಆದರೆ? ಇನ್ನು ನೆಲದ ಮೇಲೆ ಕೂತು ಪೂಜೆ ಮಾಡೋಕಾಗಲ್ವಾ? ಸಾವು ಕೊನೆಗೆ ಎಲ್ಲೋ ಬಂತು.

ಬರೆದ ಮೇಲೆ ಒಂದು ಗೊತ್ತಾಯಿತು. ಇವೆಲ್ಲ ಒಬ್ಬರನ್ನೇ ಕೇಳುವ ಪ್ರಶ್ನೆಗಳಲ್ಲ. ಇಂಜೆಕ್ಷನ್ ವಿಷಯ ಸರ್ಜನ್‌ಗಿಂತ ಅರಿವಳಿಕೆ ಡಾಕ್ಟರಿಗೆ ಚೆನ್ನಾಗಿ ಗೊತ್ತು. ಬೆಡ್‌ಪ್ಯಾನ್ ವಿಷಯ ನರ್ಸ್‌ಗೆ ಗೊತ್ತು. ಒಂದೊಂದು ಸಾಲಿನ ಪಕ್ಕ ಯಾರನ್ನು ಕೇಳಬೇಕು ಅಂತ ಗುರುತು ಹಾಕಿಕೊಂಡೆ.

ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರು ಒಂದು ಸಲ ನೋಡುತ್ತಾರೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ನೋಡಿ, ಯಾವ ಮಾತ್ರೆ ನಿಲ್ಲಿಸಬೇಕು ಅಂತ ಹೇಳುವುದು ಆಗಲೇ. ಬಹಳ ಜನ ಇದನ್ನು ಸಹಿ ಹಾಕಿಸಿಕೊಂಡು ಬರುವ ಕೆಲಸ ಅಂದುಕೊಳ್ಳುತ್ತಾರೆ. ನನ್ನ ಅರ್ಧ ಭಯ ಹೋಗಿದ್ದು ಆ ಕೋಣೆಯಲ್ಲೇ. ಡಾಕ್ಟರಮ್ಮ ಬಿಡಿಸಿ ಹೇಳಿದರು. ದಿಂಬು ತಬ್ಬಿಕೊಂಡು ಬೆನ್ನು ಬಾಗಿಸಿ ಕೂರಬೇಕು. ಮೊದಲು ಚರ್ಮ ಮರಗಟ್ಟಿಸಲು ಒಂದು ಸಣ್ಣ ಚುಚ್ಚು. ಆಮೇಲೆ ಕೊಡುವ ಸೂಜಿ ಬಹಳ ತೆಳು. ಸ್ವಲ್ಪ ಹೊತ್ತಿಗೆ ಕಾಲು ಬೆಚ್ಚಗಾಗಿ, ಭಾರವಾಗಿ, ಎತ್ತೋಕೆ ಬರಲ್ಲ. ನೋವು ಗೊತ್ತಾಗಲ್ಲ, ಆದರೆ ಎಳೆದ ಹಾಗೆ, ಒತ್ತಿದ ಹಾಗೆ ಅನ್ನಿಸಬಹುದು. "ಗರಗಸದ ಶಬ್ದ, ಸುತ್ತಿಗೆ ಶಬ್ದ ಕೇಳುತ್ತೆ. ತೊಡೆ ಮೂಳೆಯೊಳಗೆ ಕೂರಿಸೋ ಭಾಗವನ್ನ ಬಡಿದು ಬಿಗಿ ಮಾಡ್ತಾರೆ. ಕೇಳೋದು ಬೇಡ ಅಂದ್ರೆ ಡ್ರಿಪ್‌ನಲ್ಲಿ ನಿದ್ದೆ ಬರೋ ಔಷಧಿ ಕೊಡ್ತೀನಿ" ಅಂದರು. ಶಬ್ದದ ಬಗ್ಗೆ ಮೊದಲೇ ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು.

ಸರ್ಜನ್ ಹತ್ತಿರ ಅಪಾಯ ಏನೇನು ಅಂತ ನೇರವಾಗಿ ಕೇಳಿದೆ. ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಕೀಲು ಜಾರುವುದು. ಒಂದೊಂದಕ್ಕೂ ಏನು ಮಾಡುತ್ತೇವೆ ಅಂತಲೂ ಹೇಳಿದರು. ಕಾಲಿನ ಉದ್ದವನ್ನು ಎಕ್ಸ್‌ರೇ ಮೇಲೆ ಮೊದಲೇ ಅಳೆದು ನೋಡುತ್ತಾರಂತೆ, ಆದರೂ ಅಲ್ಪಸ್ವಲ್ಪ ವ್ಯತ್ಯಾಸ ಉಳಿಯಬಹುದು ಅಂದರು. ಅಪಾಯ ಮುಚ್ಚಿಡದೆ ಹೇಳಿದ ಮೇಲೆ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು. ಮೇಜಿನ ಮೇಲಿದ್ದ ಕೃತಕ ಕೀಲಿನ ಮಾದರಿ ಕೈಗೆ ಕೊಟ್ಟರು. ನುಣುಪಾದ ಗುಂಡು, ಅದಕ್ಕೊಂದು ಬಟ್ಟಲು. ತಿರುಗಿಸಿದರೆ ಸದ್ದೇ ಇಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನುವ ಡಾಕ್ಟರು 1962ರಲ್ಲಿ ಲೋಹದ ಗುಂಡು, ಗಟ್ಟಿ ಪ್ಲಾಸ್ಟಿಕ್ ಬಟ್ಟಲು ಇಟ್ಟು ಶುರು ಮಾಡಿದ ವಿಧಾನವೇ ಇವತ್ತಿಗೂ ಆಧಾರವಂತೆ. ಎಷ್ಟು ವರ್ಷ ಬಾಳುತ್ತೆ ಅಂತ ಕೇಳಿದೆ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ನೂರಕ್ಕೆ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಅರವತ್ತು ದಾಟಿದ ನನಗೆ ಆ ಲೆಕ್ಕ ಸಮಾಧಾನ ಕೊಟ್ಟಿತು.

ನೆಲದ ಮೇಲೆ ಕೂರುವ ವಿಷಯದಲ್ಲಿ ಮಾತ್ರ ಬೇಕಾದ ಉತ್ತರ ಸಿಗಲಿಲ್ಲ. ಚಕ್ಕಳಮಕ್ಕಳ ಬೇಡ, ಕುಕ್ಕರಗಾಲು ಬೇಡ, ಕಾಲ ಮೇಲೆ ಕಾಲು ಹಾಕೋದು ಬೇಡ ಅಂದರು. ಮನೆಗೆ ಬಂದು ಅತ್ತುಬಿಟ್ಟೆ. ಆಮೇಲೆ ಬಡಗಿಯನ್ನು ಕರೆಸಿ, ಕುರ್ಚಿಯಲ್ಲಿ ಕೂತರೆ ದೀಪ ಹಚ್ಚಲು ಕೈಗೆ ಸಿಗುವ ಹಾಗೆ ದೇವರ ಪೀಠ ಎತ್ತರ ಮಾಡಿಸಿದೆ. ಆಪರೇಷನ್‌ಗೆ ಮೊದಲೇ ಅಲ್ಲಿ ಕೂತು ಪೂಜೆ ಮಾಡಲು ಶುರು ಮಾಡಿದೆ. ಈ ಥರದ ದುಃಖ ಮುಂಚೆಯೇ ಕಳೆದುಹೋಗಲಿ ಅನ್ನೋದು ನನ್ನ ಅಭಿಪ್ರಾಯ.

ಬೆಡ್‌ಪ್ಯಾನ್ ಭಯಕ್ಕೆ ಮದ್ದು ಫಿಸಿಯೋಥೆರಪಿ ಹುಡುಗನಿಂದ ಸಿಕ್ಕಿತು. "ಸಾಮಾನ್ಯವಾಗಿ ಮಾರನೇ ದಿನವೇ ವಾಕರ್ ಹಿಡ್ಕೊಂಡು ನಡೆಸ್ತೀವಿ ಅಮ್ಮ. ಈಗಲೇ ಕಲಿತುಬಿಡಿ" ಅಂದ. ವಾಕರ್ ಮುಂಚೆಯೇ ತಂದೆವು. ವಾಕರ್ ಮೊದಲು, ನೋವಿರೋ ಕಾಲು ಆಮೇಲೆ, ಒಳ್ಳೆ ಕಾಲು ಕೊನೆಗೆ. ಪಡಸಾಲೆಯಿಂದ ಅಡುಗೆಮನೆಗೆ ಹಾಗೇ ಓಡಾಡಿದೆ. ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು, ಕಾಲುಗಳ ನಡುವೆ ದಿಂಬಿಟ್ಟು ಮಲಗುವುದು, ಎಲ್ಲ ರೂಢಿಯಾಯಿತು. ಮೂರು ಬಣ್ಣದ ಗುಂಡುಗಳಿರುವ ಉಸಿರಾಟದ ಸಾಧನ ಒಂದು ಕೊಟ್ಟಿದ್ದರು. ಕೊಳವೆಯಲ್ಲಿ ಆಳವಾಗಿ ಉಸಿರೆಳೆದರೆ ಗುಂಡು ಮೇಲೇಳುತ್ತವೆ. ಮೂರನೆಯದು ಎದ್ದ ದಿನ ಮೊಮ್ಮಗ ಚಪ್ಪಾಳೆ ತಟ್ಟಿದ. ಸುಮ್ನೆ ಕೂತರೆ ಭಯ ತಲೆಗೇರುತ್ತೆ. ದೇಹಕ್ಕೆ ಕೆಲಸ ಕೊಟ್ಟರೆ ಭಯಕ್ಕೂ ಸ್ವಲ್ಪ ಬಿಡುವು.

ಇನ್ನು ಫೋನ್ ಮಾಡುವವರು. "ನಮ್ಮ ಭಾವನ ಅಮ್ಮಂಗೆ ಹೀಗೇ ಆಗಿ..." ಅಂತ ಕಥೆ ಶುರುವಾದರೆ ಸೊಸೆ ಫೋನ್ ತೆಗೆದುಕೊಂಡುಬಿಡುತ್ತಿದ್ದಳು. ಆಪರೇಷನ್ ವಿಡಿಯೋಗಳನ್ನೂ ನೋಡಲಿಲ್ಲ. ವ್ಯಾಯಾಮದ ವಿಡಿಯೋ ಸಾಕು.

ರಾತ್ರಿ ಎಚ್ಚರವಾದಾಗ ಹೊಟ್ಟೆ ಮೇಲೆ ಕೈ ಇಟ್ಟು, ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡುತ್ತಿದ್ದೆ. ನಿದ್ದೆ ಬರಲೇಬೇಕು ಅಂತ ಹಟ ಹಿಡಿಯಲಿಲ್ಲ. ದೇವರನಾಮ ಹೇಳಿಕೊಳ್ಳುತ್ತಾ ಮಲಗಿರುವುದೂ ವಿಶ್ರಾಂತಿಯೇ. ನಿದ್ದೆಯಿಲ್ಲ ಅನ್ನೋದನ್ನು ಡಾಕ್ಟರಿಗೂ ಹೇಳಿದೆ. ಹಿಂದಿನ ರಾತ್ರಿಗೆ ಒಂದು ಮಾತ್ರೆ ಕೊಟ್ಟರು. ಪರಿಚಯದವರು ಕೊಟ್ಟ ನಿದ್ದೆ ಮಾತ್ರೆ ಮಾತ್ರ ಯಾರೂ ತಗೋಬೇಡಿ, ಅರಿವಳಿಕೆ ಜೊತೆ ಅದು ಅಪಾಯ.

ತಾಳಿ ತೆಗೆಯಬೇಕು ಅನ್ನೋದು ಪುಸ್ತಕದಲ್ಲಿ ಬರೆದಿರದ ಇನ್ನೊಂದು ಸಂಕಟ. ಲೋಹ ಏನೂ ಮೈಮೇಲೆ ಇರಬಾರದು, ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ. ಹಿಂದಿನ ದಿನವೇ ನರ್ಸ್‌ಗೆ ಕೇಳಿದ್ದರಿಂದ ಅರಿಶಿನದ ಕೊಂಬು ಕಟ್ಟಿದ ದಾರ ಕೈಗೆ ಕಟ್ಟಿಕೊಳ್ಳಲು ಒಪ್ಪಿದರು. ಬೆಳಿಗ್ಗೆ ಡಾಕ್ಟರು ಬಂದು ಎಡ ತೊಡೆಯ ಮೇಲೆ ಮಾರ್ಕರ್‌ನಲ್ಲಿ ಬಾಣದ ಗುರುತು ಹಾಕಿದರು. ಬಂದವರೆಲ್ಲ ಹೆಸರೇನು, ಯಾವ ಕಾಲು ಅಂತ ಕೇಳುತ್ತಿದ್ದರು. ತಪ್ಪಾಗದಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಸುರಕ್ಷತಾ ಪಟ್ಟಿಯ ಪ್ರಕಾರ ಹಾಗೆ ಕೇಳುತ್ತಾರೆ. ಪ್ರತಿ ಸಲ ಕೇಳಿದಾಗಲೂ ನನಗೆ ನೆಮ್ಮದಿಯೇ ಆಯಿತು.

ಥಿಯೇಟರ್‌ನಲ್ಲಿ ವಿಪರೀತ ಚಳಿ. ಎದೆ ಬಡಿತ ಜೋರಾಯಿತು, ನಿಜ. ಆದರೆ ದಿಂಬು ಬಂತು, ಸಣ್ಣ ಚುಚ್ಚು ಬಂತು, ಕಾಲು ಬೆಚ್ಚಗಾಯಿತು. ಡಾಕ್ಟರಮ್ಮ ಹೇಳಿದ ಹಾಗೇ ಒಂದಾದ ಮೇಲೊಂದು. ನಡುವೆ ಮಂಪರಿನಲ್ಲಿ ಟಕ್ ಟಕ್ ಅಂತ ಕೇಳಿಸಿತು. ಹೋ, ಬಡಿದು ಕೂರಿಸುತ್ತಿದ್ದಾರೆ ಅಂದುಕೊಂಡು ಹಾಗೇ ಕಣ್ಣು ಮುಚ್ಚಿದೆ. ಮಾರನೇ ದಿನ ವಾಕರ್ ಹಿಡಿದು ಕಮೋಡ್‌ವರೆಗೆ ನಡೆದೆ.

ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಈಗ ಇದೇ ಆಪರೇಷನ್ ಇದೆ. ಮೊನ್ನೆ ಬಂದಿದ್ದರು. ನಡೆದು ಅಭ್ಯಾಸ ಮಾಡಿಕೊಳ್ಳಲಿ ಅಂತ ನನ್ನ ವಾಕರ್ ಕೊಟ್ಟು ಕಳಿಸಿದ್ದೇನೆ. ಬೆನ್ನಿನ ಇಂಜೆಕ್ಷನ್ ಅಂದರೆ ಅವರಿಗೆ ಇನ್ನೂ ಹೆದರಿಕೆ. ಅರಿವಳಿಕೆ ಡಾಕ್ಟರನ್ನು ನೋಡಲು ಹೋಗುವ ದಿನ ನಾನೂ ಜೊತೆಗೆ ಹೋಗುತ್ತಿದ್ದೇನೆ.