ಬ್ಯಾಡಗಿಯ ಕಾಟಾ, ಕೊಯಮತ್ತೂರಿನ ಕಾರು

ಹಳೆಯ ರೇಸ್ ಕಾರನ್ನು ಕೊಳ್ಳುವ ಮೊದಲು ತೂಗಿ ನೋಡಬೇಕು ಎಂದು ನಾನು ಹೇಳತೊಡಗಿ ನಾಲ್ಕೈದು ವರ್ಷವಾಯಿತು. ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಸಂಜೆ ಚಹಾಕ್ಕೆ ಸೇರುವ ನಮ್ಮ ಗುಂಪಿನಲ್ಲಿ ಈ ಮಾತಿಗೆ ನಗದವರಿರಲಿಲ್ಲ. ಎಂಜಿನ್ನಿನ ಸದ್ದು ಕೇಳು, ಗೇರ್ ಹಾಕಿ ನೋಡು, ದುಡ್ಡು ಕೊಡು ಎನ್ನುವುದು ಅವರ ಪದ್ಧತಿ. ಕಳೆದ ಫೆಬ್ರುವರಿಯಲ್ಲಿ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನನ್ನ ಕಾರು ಎರಡು ದಿನ ನೆಟ್ಟಗೆ ಓಡಿತು, ನೆಟ್ಟಗೆ ನಿಂತಿತು. ಆಮೇಲೆ ನಗು ಕಡಿಮೆಯಾಗಿದೆ. ಕಾರು ತೂಗಲು ಬಳಸಿದ ಕಾಟಾ, ಅಂದರೆ ತಕ್ಕಡಿ, ಕೇಳಿ ಬರುವ ಫೋನುಗಳು ಹೆಚ್ಚಾಗಿವೆ.

ಮೊದಲು ನನ್ನ ಮುಳುಗಿದ ದುಡ್ಡಿನ ಕಥೆ. 2016ರ ಸುಮಾರಿಗೆ ಒಂದು ಫಿಯೆಟ್ ಕೊಂಡೆ. 1089 ಸಿಸಿ, ಸ್ಟೀರಿಂಗ್ ಪಕ್ಕದ ಗೇರನ್ನು ನೆಲಕ್ಕೆ ಇಳಿಸಿದ್ದರು, ಎರಡು ಕಾರ್ಬ್ಯುರೇಟರ್, ಒಳಗೆ ರೋಲ್ ಕೇಜ್ (ಕಾರು ಮಗುಚಿದರೆ ಕಾಯುವ ಪೈಪಿನ ಪಂಜರ). ಮಾರುವವರು ಚೆನ್ನೈ ಬಳಿಯ ಶೋಲಾವರಂನ ಹಳೆಯ ರೇಸುಗಳಲ್ಲಿ ಓಡಿದ ಕಾರು ಎಂದರು. ವಿಮಾನದ ಓಟದಾರಿಯ ಮೇಲೆ ನಿಂತ ಕಾರಿನ ಕಪ್ಪು-ಬಿಳುಪು ಫೋಟೋ ತೋರಿಸಿದರು. ನಾನು ಫೋಟೋಗೆ ಮರುಳಾದೆ. ಊರಿಗೆ ತಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ, ಫೋಟೋದ ಕಾರಿನಲ್ಲಿ ಕೇಜಿನ ಓರೆಪೈಪು ಎಡಕ್ಕೆ ಇಳಿದಿದೆ, ನನ್ನದರಲ್ಲಿ ಬಲಕ್ಕೆ. ಜಾಕ್ ಕೊಟ್ಟಾಗ ಕಾರು ಏಳಲಿಲ್ಲ, ಜಾಕ್ ಒಳಗೆ ಹೋಯಿತು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ತಗಡಿಗಿಂತ ಪುಟ್ಟಿಯೇ ಹೆಚ್ಚು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈನ 3.7 ಕಿ.ಮೀ. ಟ್ರ್ಯಾಕಿನಲ್ಲಿ ಐದನೆಯ ಸುತ್ತಿಗೆ ನಾಲ್ಕೂ ಡ್ರಮ್ ಬ್ರೇಕ್ ಕಾದು ಪೆಡಲ್ ನೆಲ ಮುಟ್ಟಿತು. ಕೊಂಡದ್ದು ಒಂದು ಲಕ್ಷ ನಲವತ್ತಕ್ಕೆ, ಅದರ ಮೇಲೆ ಸುರಿದದ್ದು ಮೂರು ಲಕ್ಷದ ಆಸುಪಾಸು, ಕೊನೆಗೆ ಕೈತೊಳೆದುಕೊಂಡದ್ದು ಒಂದು ಲಕ್ಷ ಹತ್ತಕ್ಕೆ. ಲೆಕ್ಕವನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಒಂದು ಅಡ್ಡಮಾತು. ಇಂತಹ ಕಾರನ್ನು ಮಾರುವವರು ಈಗ "ಐವತ್ತು ವರ್ಷವಾದರೆ ವಿಂಟೇಜ್ ನಂಬರ್ ಸಿಗುತ್ತದೆ" ಎಂದು ಆಸೆ ತೋರಿಸುತ್ತಾರೆ. 2021ರ ನಿಯಮದಲ್ಲಿ ಐವತ್ತು ವರ್ಷದ ಜೊತೆಗೆ ಇನ್ನೊಂದು ಷರತ್ತಿದೆ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗಿರಬಾರದು. ಕೇಜ್ ಬೆಸೆದ, ಎಂಜಿನ್ನಿನ ಹೆಡ್ ತೇಯ್ದ ರೇಸ್ ಕಾರು ಆ ಬಾಗಿಲಲ್ಲಿ ಹೇಗೆ ತೂರೀತು? ಆ ಆಸೆಗೆ ಹತ್ತು ಸಾವಿರವನ್ನೂ ಹೆಚ್ಚು ಕೊಡಬೇಡಿ.

ಎರಡನೆಯ ಸಲ ಫಾರ್ಮುಲಾ ಮಾರುತಿಯನ್ನೇ ಹುಡುಕಿದೆ. ಕೊಯಮತ್ತೂರಿನ ಕರಿವರ್ಧನ್ ಅವರು ಎಂಬತ್ತರ ದಶಕದ ಕೊನೆಯಲ್ಲಿ ಕಡಿಮೆ ಖರ್ಚಿಗೆಂದು ರೂಪಿಸಿದ ಒಂಟಿ ಸೀಟಿನ ಕಾರು ಅದು. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳ್ಯದ ಟ್ರ್ಯಾಕಿಗೆ, ಅಂದರೆ ಆ ಕರಿ ಸ್ಪೀಡ್‌ವೇಗೆ, ಅವರದೇ ಹೆಸರು. ಮುಂದೆ ಫಾರ್ಮುಲಾ ಒನ್‌ವರೆಗೆ ಹೋದ ನಾರಾಯಣ ಕಾರ್ತಿಕೇಯನ್ ಅವರಂಥವರು ಕೈ ಪಳಗಿಸಿಕೊಂಡ ಜಾತಿಯ ಕಾರು ಎಂಬ ಹೆಮ್ಮೆ ಇದ್ದದ್ದೇ. ನನಗೆ ಅದಕ್ಕಿಂತ ಮುಖ್ಯವಾದದ್ದು ಅದರ ಎಂಜಿನ್: ಮಾರುತಿ 800ರ 796 ಸಿಸಿ, ಮೂರು ಸಿಲಿಂಡರ್. ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲವೂ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಕೇಳಿದರೆ ಸಂಜೆಗೆ ಕೈಯಲ್ಲಿ. ವಿದೇಶಿ ಹಳೆಯ ಫಾರ್ಮುಲಾ ಕಾರಿನ ಒಂದು ವಾಲ್ವ್‌ಗಾಗಿ ಎಂಟು ತಿಂಗಳು ಕಾದವರನ್ನು ಬಲ್ಲೆ.

ಎಂಜಿನ್ ಸಿಗುತ್ತದೆ ಎಂದಮೇಲೆ ಎಂಜಿನ್ ನೋಡಿ ಯಾಕೆ ಕೊಳ್ಳಬೇಕು? ಸಿಗದೆ ಇರುವುದು ಫ್ರೇಮ್, ಕಾರಿನ ಪೈಪಿನ ಚೌಕಟ್ಟು. ಮೂವತ್ತು ವರ್ಷದಲ್ಲಿ ಅದು ಎಷ್ಟು ಗೋಡೆ ಗುದ್ದಿದೆ, ಯಾರು ಬೆಸುಗೆ ಹಾಕಿದ್ದಾರೆ, ಬಣ್ಣದ ಕೆಳಗೆ ಗೊತ್ತಾಗುವುದಿಲ್ಲ. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ತಕ್ಕಡಿ ಇಟ್ಟರೆ ಫ್ರೇಮ್ ಬಾಯಿ ಬಿಡುತ್ತದೆ: ನೆಟ್ಟಗಿದ್ದರೆ ಕರ್ಣದ ಎರಡು ಮೊತ್ತಗಳು (ಮುಂದಿನ ಎಡ ಮತ್ತು ಹಿಂದಿನ ಬಲ, ಮುಂದಿನ ಬಲ ಮತ್ತು ಹಿಂದಿನ ಎಡ) ಹೆಚ್ಚುಕಡಿಮೆ ಒಂದೇ ಬರಬೇಕು. ರೇಸಿನವರ ತಕ್ಕಡಿ ಸೆಟ್ಟಿಗೆ ಆಗ ಒಂದು ಲಕ್ಷದ ಮೇಲೆ ಹೇಳಿದರು. ನನ್ನ ಸೋದರಮಾವನ ದಲಾಲಿ ಅಂಗಡಿ ಬ್ಯಾಡಗಿಯಲ್ಲಿದೆ. ಮೆಣಸಿನಕಾಯಿ ಚೀಲ ತೂಗುವ 300 ಕಿಲೋದ ಎಲೆಕ್ಟ್ರಾನಿಕ್ ಕಾಟಾಗಳು ಮಳೆಗಾಲದಲ್ಲಿ ಅಲ್ಲಿ ಸುಮ್ಮನೆ ಬಿದ್ದಿರುತ್ತವೆ. ನಾಲ್ಕು ಕೇಳಿದೆ.

"ಏನು ತಮ್ಮಾ, ಕಾರನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೀಯೇನು?" ಎಂದರು ಮಾವ.

"ಹೌದು ಮಾಮಾ, ತೇವಾಂಶ ಕಳೆದು" ಎಂದೆ.

ಒಮ್ಮೆಗೇ ಕೂಡಿಬರಲಿಲ್ಲ. ಗೆಳೆಯನೊಬ್ಬನ ಫಾರ್ಮುಲಾ ಕಾರಿನ ಮೇಲೆ ಗ್ಯಾರೇಜಿನಲ್ಲಿ ಮೂರು ಸಲ ತೂಗಿದೆ, ಮೂರು ಸಲವೂ ಬೇರೆ ಬೇರೆ ಅಂಕಿ. ಒಂದನೆಯದು, ನೆಲ ಮಟ್ಟವಿರಲಿಲ್ಲ. ಗೌಂಡಿ ಬಳಸುವ ನೀರಿನ ಪೈಪಿನಿಂದ ನಾಲ್ಕೂ ಕಾಟಾದ ಮೇಲ್ಮೈ ಹಿಡಿದು, ಶಹಾಬಾದಿ ಫರಸಿಯ ಚೂರುಗಳನ್ನು ಕೊಟ್ಟು ಎರಡು ಮಿಲಿಮೀಟರಿನೊಳಗೆ ತಂದೆ. ಎರಡನೆಯದು, ಕಾಟಾದ ಡಿಸ್‌ಪ್ಲೇ ಕಂಬ ಗಾಲಿಗೆ ತಾಗುತ್ತಿತ್ತು. ಕಂಬ ಬಿಚ್ಚಿ ಪಕ್ಕಕ್ಕೆ ಮಲಗಿಸಿದೆ. ಮೂರನೆಯದನ್ನು ಹಿಡಿಯಲು ಎರಡು ತಿಂಗಳು ಬೇಕಾಯಿತು. ಕಾರನ್ನು ಇಳಿಸಿದಾಗ ಟೈರು ಅಗಲಕ್ಕೆ ಜಾರಬೇಕು, ಇಲ್ಲದಿದ್ದರೆ ಸಸ್ಪೆನ್ಷನ್ ಬಿಗಿದುಕೊಂಡು ಸುಳ್ಳು ತೂಕ ಹೇಳುತ್ತದೆ. ಟೈರಿನ ಕೆಳಗೆ ಎರಡು ತಗಡು ಇಟ್ಟು ನಡುವೆ ಗ್ರೀಸ್ ಹಚ್ಚಿದರೆ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆಗುತ್ತದೆ, ಅರ್ಧ. ನಾನು ಈಗ ಹಾಕುವುದು ಗ್ರೀಸ್ ಅಲ್ಲ, ಅಡುಗೆಮನೆಯ ಒಂದು ಪದಾರ್ಥ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ವರ್ಷ ಶ್ರಾವಣದಲ್ಲಿ ಕಾಟಾ, ಹಲಗೆ, ಫರಸಿ ಚೂರುಗಳನ್ನು ಬೊಲೆರೊ ಪಿಕಪ್ಪಿಗೆ ಹೇರಿಕೊಂಡು ಅಕ್ಕನ ಮಗನನ್ನು ಕರೆದುಕೊಂಡು ಹೊರಟೆ. ಹೆಚ್ಚುಕಡಿಮೆ 750 ಕಿ.ಮೀ. ಕೊಯಮತ್ತೂರಿನ ಹೊರಗೆ ಒಂದು ಶೆಡ್ಡಿನಲ್ಲಿ ಎರಡು ಕಾರು. ಒಂದು ಕೆಂಪು, ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು, ಎಂಜಿನ್ ಗಡಿಯಾರದಂತೆ. ಇನ್ನೊಂದರ ಬಣ್ಣ ಯಾವುದೆಂದು ಹೇಳುವುದೇ ಕಷ್ಟ, ಎಂಜಿನ್ ಹಿಡಿದುಕೊಂಡು ತಿರುಗುತ್ತಲೇ ಇರಲಿಲ್ಲ, ಹಿಂದಿನ ಹೊದಿಕೆ ಇರಲಿಲ್ಲ. ನಾವು ಕಾಟಾ ಇಳಿಸುತ್ತಿದ್ದಂತೆ ಶೆಡ್ಡಿನಲ್ಲಿದ್ದ ಎಲ್ಲರಿಗೂ ಸೀನು. ಬ್ಯಾಡಗಿಯದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಮುಚ್ಚಿದ ಶೆಡ್ಡಿನಲ್ಲಿ ಅದರ ಧೂಳಿಗೆ ಆ ಮಾತು ಅನ್ವಯಿಸುವುದಿಲ್ಲ.

ಸ್ಪ್ರಿಂಗ್ ಕೂರುವ ಬಿಲ್ಲೆಗಳನ್ನು ಎಡಬಲ ಒಂದೇ ಎತ್ತರಕ್ಕೆ ತಂದು, ಟೈರಿನ ಗಾಳಿ ಒಂದೇ ಮಾಡಿ, ಎಡಬಲ ಗಾಲಿಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ಬಿಚ್ಚಿ, ನಾನು ಸೀಟಿನಲ್ಲಿ ಕುಳಿತೆ. ಅಳಿಯ ಅಂಕಿ ಓದಿದ. ಕೆಂಪು ಕಾರು: ಮುಂದೆ ಎಡ 118, ಬಲ 81, ಹಿಂದೆ ಎಡ 131, ಬಲ 166. ಎಡಬಲ ಕೂಡಿದರೆ ಸರಿ, ಕರ್ಣಕ್ಕೆ ಕೂಡಿದರೆ ಒಂದು ಕಡೆ 284, ಇನ್ನೊಂದು ಕಡೆ 212. ಸೋತ ಸ್ಪ್ರಿಂಗ್ ಇರಬಹುದೆಂದು ಎಡಬಲ ಸ್ಪ್ರಿಂಗ್ ಅದಲುಬದಲು ಮಾಡಿ ಮತ್ತೆ ತೂಗಿದೆ: 280, 216. ಅಂದರೆ ದೋಷ ಸ್ಪ್ರಿಂಗಿನ ಜೊತೆ ಓಡಾಡುತ್ತಿಲ್ಲ, ಫ್ರೇಮಿನಲ್ಲೇ ಕುಳಿತಿದೆ. ಹಿಂಡಿದ ಬಟ್ಟೆಯಂತೆ ತಿರುಚಿಕೊಂಡ ಚೌಕಟ್ಟು. ಬಣ್ಣಗೆಟ್ಟ ಕಾರಿನಲ್ಲಿ 255 ಮತ್ತು 241. ಸ್ಪ್ರಿಂಗ್ ಬದಲಿಸಿದಾಗ 242 ಮತ್ತು 254. ವ್ಯತ್ಯಾಸ ತಲೆಕೆಳಗಾಯಿತು. ತಪ್ಪು ಸ್ಪ್ರಿಂಗಿನದು, ಫ್ರೇಮ್ ನೆಟ್ಟಗಿದೆ. ಸುಮಾರು ಐದು ಗಂಟೆಯ ಕೆಲಸ.

ನನ್ನ ಜೊತೆ ಕಾರು ನೋಡಲು ಬೆಂಗಳೂರಿನಿಂದ ಬಂದಿದ್ದ ಗೆಳೆಯ ಕೆಂಪು ಕಾರನ್ನೇ ಆರಿಸಿದ. "ನಾಲ್ಕು ಕಿಲೋ ಆ ಕಡೆ, ನಾಲ್ಕು ಕಿಲೋ ಈ ಕಡೆ, ಇದೇನು ಬಂಗಾರವೇ?" ಎಂದ. ನಾಲ್ಕಲ್ಲ, ಎಪ್ಪತ್ತು ಎಂದೆ. ಮೂರೂವರೆ ಲಕ್ಷಕ್ಕೆ ಕೊಂಡ. ಬಣ್ಣಗೆಟ್ಟದ್ದಕ್ಕೆ ಎರಡೂ ಮುಕ್ಕಾಲು ಹೇಳಿದರು. ಎಂಜಿನ್ ಹಿಡಿದಿದೆ ಎಂಬುದನ್ನೇ ಎಳೆದಾಡಿ ಎರಡು ಲಕ್ಷ ಹತ್ತಕ್ಕೆ ಇಳಿಸಿದೆ, ಒಂದು ಬಿಡಿ ಗೇರ್‌ಬಾಕ್ಸ್, ಒಂಬತ್ತು ಗಾಲಿ ಸೇರಿಸಿ. ಬಿಡಿಭಾಗದ ರಾಶಿಯನ್ನು ಬೆಲೆ ಮಾತಾಡಿದ ಮೇಲೆ ಕೇಳಿ, ಮೊದಲು ಕೇಳಿದರೆ ಅದಕ್ಕೂ ದರ ಕಟ್ಟುತ್ತಾರೆ. ಈ ಕಾರಿಗೆ ಆರ್‌ಸಿ ಇಲ್ಲ, ರಸ್ತೆಗೆ ಇಳಿಸುವಂತಿಲ್ಲ. ಲಾರಿಯಲ್ಲಿ ತರಲು 24 ಸಾವಿರವೋ 25 ಸಾವಿರವೋ ಆಯಿತು.

ಊರಿಗೆ ಬಂದ ಮೇಲಿನದು ನಿಮಗೆ ಗೊತ್ತಿರುವ ಕೆಲಸವೇ. ಎಂಜಿನ್ ಬೋರಿಂಗ್ ಸೇರಿ 22 ಸಾವಿರ. ಹೆಡ್ ಎಷ್ಟು ತೇಯ್ದೆ ಎಂದು ಕೇಳಬೇಡಿ. ಸಸ್ಪೆನ್ಷನ್ ಸರಳುಗಳ ತುದಿಯ ಕೀಲುಗಳನ್ನು (ರಾಡ್ ಎಂಡ್) ಒಂದೂ ಬಿಡದೆ ಬದಲಿಸಿದೆ. ಸೀಟ್ ಬೆಲ್ಟಿನ ಚೀಟಿಯ ಪ್ರಕಾರ ಅವಧಿ ಮುಗಿದು ಹದಿನೈದು ವರ್ಷ. ನೋಡಲು ಹೊಸದರಂತಿದ್ದರೂ ಎಸೆದೆ. ತಲೆಯ ಹಿಂದಿನ ರೋಲ್ ಹೂಪ್ (ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಕಮಾನು) ಒಳಗಿನಿಂದ ತುಕ್ಕು ತಿಂದಿದೆಯೇ ಎಂದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಪೈಪಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಹಿಡಿದು ನೋಡಿದರು. ಒಂದು ಕಡೆ ತೆಳ್ಳಗಾಗಿತ್ತು. ಅದನ್ನು ತೇಪೆ ಹಾಕದೆ, 45 ಮಿ.ಮೀ. ಹೊರವ್ಯಾಸ, ಎರಡೂವರೆ ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪಿನಲ್ಲಿ ಹೊಸದನ್ನೇ ಬಗ್ಗಿಸಿದೆವು. ಗದಗದ ಹಿರಿಯ ಟರ್ನರ್ ಒಬ್ಬರು ಗಾಲಿ ತಿರುಗುವ ಸ್ಟಬ್ ಆ್ಯಕ್ಸಲ್‌ಗೆ ಬಿರುಕು ತೋರಿಸುವ ಬಣ್ಣ (ಡೈ) ಹಚ್ಚಿ ಕೂದಲೆಳೆಯ ಬಿರುಕು ತೋರಿಸಿದರು. ಆ ಬಿರುಕು ಮೂರನೆಯ ಗೇರಿನಲ್ಲಿ ಗೊತ್ತಾಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ಕಾಡಿದ್ದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20 ಎಥನಾಲ್. ಪೆಟ್ರೋಲ್ ತುಳುಕದಂತೆ ಟ್ಯಾಂಕಿನೊಳಗೆ ಇಟ್ಟಿದ್ದ ಹಳೆಯ ಫೋಮ್ ಪುಡಿಪುಡಿಯಾಗಿ ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ಕುಳಿತು, ಮೊದಲ ಪ್ರವಾಸದಲ್ಲಿ ಎರಡೇ ಸುತ್ತು ಹೊಡೆದು ವಾಪಸು ಬಂದೆವು. ನಲವತ್ತು ಸಾವಿರ ನೀರಿಗೆ. ಆಮೇಲೆ ಉಪ್ಪಿನಕಾಯಿ ಭರಣಿಗಳಲ್ಲಿ ಅದೇ ಪೆಟ್ರೋಲ್ ತುಂಬಿ ಬಗೆಬಗೆಯ ಪೈಪಿನ ತುಂಡು ನೆನೆಹಾಕಿ ಹಿತ್ತಲಲ್ಲಿಟ್ಟೆ. ನಲವತ್ತು ದಿನಕ್ಕೆ ಹಳೆಯ ರಬ್ಬರ್ ನೆನೆದ ಹಪ್ಪಳ, ಸಂತೆಯ ಪೈಪು ಊದಿಕೊಂಡು ಮೆತ್ತಗೆ, ವೈಟನ್ ಎಂಬ ವಿಶೇಷ ರಬ್ಬರಿನ ಪೈಪು ಮಾತ್ರ ಹೇಗಿತ್ತೋ ಹಾಗೆ. ಭರಣಿಗಳ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಎಥನಾಲ್‌ಗೆ ಗಾಳಿ-ಇಂಧನದ ಮಿಶ್ರಣ ತೆಳುವಾಗುವುದರಿಂದ ಮೇನ್ ಜೆಟ್ ದೊಡ್ಡದು ಬೇಕು; ನಂಬರ್ ನೀವೇ ಹುಡುಕಿಕೊಳ್ಳಿ, ನನಗೆ ಏಳು ಜೆಟ್ ಖರ್ಚಾಗಿದೆ.

ನಡುವೆ ಒಂದು ಹುಚ್ಚು. ಮೂರು ಸಿಲಿಂಡರಿಗೆ ಮೂರು ಬೈಕ್ ಕಾರ್ಬ್ಯುರೇಟರ್ ಹಾಕಿದರೆ ಹೇಗೆ ಎಂದು ಹಳೇ ಹುಬ್ಬಳ್ಳಿಯ ಗುಜರಿಯಿಂದ ತಂದು, ಲೇಥಿನಲ್ಲಿ ಮ್ಯಾನಿಫೋಲ್ಡ್ ಮಾಡಿಸಿದೆ. ಒಟ್ಟು ಹನ್ನೊಂದು ಸಾವಿರ. ಸದ್ದು ಕಿವಿಗೆ ಹಬ್ಬ. ಸ್ಟಾಪ್‌ವಾಚಿನಲ್ಲಿ ಅರ್ಧ ಸೆಕೆಂಡ್ ನಿಧಾನ. ಮೂರೂ ಒಂದೇ ಸಮನೆ ಉಸಿರಾಡಲೇ ಇಲ್ಲ. ಈಗ ಶೋಕೇಸಿನಲ್ಲಿದೆ.

ಹೊಸ ಸ್ಪ್ರಿಂಗ್ ಹಾಕಿ, ಕಾಟಾದ ಮೇಲೆ ಕರ್ಣದ ತೂಕವನ್ನು ಎರಡು ಕಿಲೋ ವ್ಯತ್ಯಾಸಕ್ಕೆ ತಂದು ಫೆಬ್ರುವರಿಯಲ್ಲಿ ಹೋದೆ. ಹಿಂದಿನ ಸಲಕ್ಕಿಂತ ಸುತ್ತಿಗೆ ನಾಲ್ಕು ಸೆಕೆಂಡಿನ ಹತ್ತಿರ ಕಡಿಮೆ, ಅದೇ ಹಳೆಯ ಟೈರಿನಲ್ಲಿ. ಕೆಂಪು ಕಾರೂ ಬಂದಿತ್ತು. ನೇರ ಹಾದಿಯಲ್ಲಿ ನನಗಿಂತ ಮುಂದೆ, ನಿಜ. ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಬಲಗಾಲಿ ಲಾಕ್ ಆಗಿ ಹೊಗೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಆ ಟೈರಿನಲ್ಲಿ ಕ್ಯಾನ್ವಾಸ್ ಕಾಣುತ್ತಿತ್ತು. 81 ಕಿಲೋ ಎಂದು ಅಳಿಯ ಓದಿದ್ದ, ಎಲ್ಲಕ್ಕಿಂತ ಕಡಿಮೆ ಭಾರ ಬಿದ್ದ ಗಾಲಿ ಅದೇ.

ಗೆಳೆಯ ಈಗ ಕಾರನ್ನು ಹುಬ್ಬಳ್ಳಿಗೆ ಕಳಿಸಿದ್ದಾನೆ. ಫ್ರೇಮನ್ನು ಅಲುಗದಂತೆ ಹಿಡಿಯುವ ಜಿಗ್ಗಿನಲ್ಲಿ ಹಾಕಿ ಕೆಳಗಿನ ಎರಡು ಪೈಪು ಕತ್ತರಿಸಬೇಕಾಗುತ್ತದೆ, ಒಂದೂವರೆ ಲಕ್ಷವಾದರೂ ಬೇಕು ಎಂದಿದ್ದೇನೆ. ಕಾಟಾ ಬೇಕಾದ ಉಳಿದವರು ಜನವರಿಯಿಂದ ಏಪ್ರಿಲ್‌ವರೆಗೆ ಕೇಳಬೇಡಿ. ಆಗ ಬ್ಯಾಡಗಿಯಲ್ಲಿ ಚೀಲ ಇಡಲೂ ಜಾಗವಿರುವುದಿಲ್ಲ. ಮಾವ ಈಚೆಗೆ ದಿನಕ್ಕೆ ಇನ್ನೂರು ರೂಪಾಯಿ ಬಾಡಿಗೆಯನ್ನೂ ಶುರು ಮಾಡಿದ್ದಾರೆ, ಒಂದು ಕಾಟಾಕ್ಕೆ.